ಪೆನ್ಸಿಲಿನಲ್ಲಿ

ಬಸ್ಸಿನಲ್ಲಿ ಪಕ್ಕದ ಸೀಟಿನಜ್ಜಿ: "ಅತಿಥಿಯಾ? ಯಾವ ಹೋಂಸ್ಟೇ?"
ವಿರಾಜಪೇಟೆ ಕಾಲೇಜಜ್ಜಿ, ಒಂಬತ್ತು ವರ್ಷವಾಯ್ತು ಬಂದು.
ಹೋಂಸ್ಟೇಯವರಿಗೆ ಮಂಚ, ಬೆಳಗ್ಗೆ ಬಿಸಿ ಕಡಂಬುಟ್ಟು;
ನನಗೆ, ಪೂಣಚ್ಚ ಸರ್ ರಜೆ ಹಾಕಿದರೆ, ಕುರ್ಚಿ.

ಇವತ್ತಿನ ಪಾಠ: ಪುಸ್ತಕದ ದಾಖಲೆ ಸಂಖ್ಯೆ ಶಾಯಿಯಲ್ಲಿ,
ವರ್ಗ ಸಂಖ್ಯೆ ಪೆನ್ಸಿಲಿನಲ್ಲಿ.
"ಯಾಕೆ ಮಿಸ್?" ಸಫ್ರೀನಾ.
"ಜಾಗ ಬದಲಾಗಬಹುದಲ್ಲ" ಅಂದೆ. ಕಣ್ಣು
ವೇಳಾಪಟ್ಟಿಗೆ ಹೋಯಿತು: ನನ್ನ ಹೆಸರಿನಡಿ
ಅರೆಬರೆ ಅಳಿಸಿದ ಕಳೆದ ವರ್ಷದ ನಾನು.

ಜೂನಿನಿಂದ ಸಂಬಳವಿಲ್ಲ.
ಮಳೆಗೆ ಬೂಷ್ಟು ಹಿಡಿದ ರಟ್ಟುಗಳನ್ನು
ಒಣಬಟ್ಟೆಯಲ್ಲಿ ಒರೆಸುವುದು ಹೇಗೆಂದು ತೋರಿಸಿದೆ;
ಅದು ಪಠ್ಯದಲ್ಲಿಲ್ಲ, ಗಂಟೆ ಲೆಕ್ಕದಲ್ಲೂ.

ಬೆಲ್ಲಾದ ಮೇಲೆ ಸಫ್ರೀನಾ ರೆಕಾರ್ಡ್ ಬುಕ್ ಚಾಚಿದಳು.
'ಉಪನ್ಯಾಸಕರು' ಎಂಬಲ್ಲಿ ನನ್ನ ಹೆಸರು,
ದಪ್ಪ ನೀಲಿ ಶಾಯಿಯಲ್ಲಿ:
ದೇಚಮ. ಒತ್ತಕ್ಷರವಿಲ್ಲ.
ತಿದ್ದದೆ ಸಹಿ ಹಾಕಿದೆ.