ಖಾಲಿ ಬಿಟ್ಟ ಅರ್ಧ ಪುಟ

ಎಲ್ಮಿನಾದ ದಂಡೆ. ಮೀನಿಗೆ ಹೊಗೆ ಹಾಕುತ್ತ
ಅಜ್ಜಿ ಅರಾಬಾ ಕತೆ ಶುರು ಮಾಡುವಳು:
‘ಇದು ನಿಜವೆಂದು ಹೇಳುತ್ತಿಲ್ಲ, ಮತ್ತೆ.’
ಜೇಡ ಆನೆಯ ಬೆನ್ನೇರುವ ಹೊತ್ತಿಗೆ ಸರಿಯಾಗಿ
ಬಲೆ ಹೆಣೆಯುವ ಅಮಿಸಾ ಅಡ್ಡಬಾಯಿ ಹಾಕುವನು:
‘ತಡಿ, ತಡಿ, ಆ ದಿನ ನಾನೂ ಇದ್ದೆ ಅಲ್ಲಿ!’
ಶುದ್ಧ ಸುಳ್ಳು. ಒಂದು ಹಾಡು ಹೇಳಿ,
ಒಂದು ಮೀನು ಎಗರಿಸಿ, ಕತೆ ವಾಪಸು ಕೊಡುವನು.

ಅವನ ದೋಣಿ ಬಾರದ ವರ್ಷ
ಅಜ್ಜಿ ಅದೇ ಜೇಡವನ್ನು ಅದೇ ಆನೆಯ ಮೇಲೆ ಹತ್ತಿಸಿ
ಸುಮ್ಮನೆ ಕೂತಳು.
ಮೀನು ಸೀದುಹೋಯಿತು.

ಈಗ ನಾನು ಬರೆಯುತ್ತೇನೆ. ಕಾಗದಕ್ಕೆ ಬಾಯಿಲ್ಲ;
ಅಲ್ಪವಿರಾಮ ಕೂಡ ನನ್ನದೇ.
ಮೂವತ್ತೊಂದನೇ ಪುಟದ ಕೆಳಗೆ ಅರ್ಧ ಖಾಲಿ ಬಿಟ್ಟೆ.
ಲಂಡನ್ನಿನ ಸಂಪಾದಕಿ ಕೇಳುತ್ತಾಳೆ:
ಇಲ್ಲೇನೋ ಬಿಟ್ಟುಹೋಗಿದೆಯಲ್ಲ?

ಹೌದು.
ಜೇಡ ಇನ್ನೂ ಆನೆಯ ಬೆನ್ನ ಮೇಲೆಯೇ ಇದೆ.