ಚಿಕ್ಕ ಗಡಿಯಾರದ ಅಳತೆ

ಬೆಳಿಗ್ಗೆ ಆರಕ್ಕೆ ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಮುನಾವರ್ ಸಾಬರ ಹೆಬ್ಬೆರಳ ಕೆಳಗೆ.
ನಡುವೆ ಚೌಕ.
ನಡುವೆ ಒಂದು ಹಸು, ಎರಡು ಆಟೋ,
ಕೊತ್ತಂಬರಿ ಮೂಟೆಗೊರಗಿ ಮಲಗಿದ ಹುಡುಗ.
"ಏಳಪ್ಪಾ, ಸರ್ಕಾರ ಅಳೀತಾ ಇದೆ" ಎಂದರು ಸಾಬರು.
ಅವನು ಮಗ್ಗುಲು ಬದಲಿಸಿದ.
ಅವನಿದ್ದ ಜಾಗಕ್ಕೊಂದು ಚುಕ್ಕೆಯಿಟ್ಟು ಮುಂದೆ ಹೋದೆ.

ಹಳೆಯ ನಕ್ಷೆಯಲ್ಲಿ ಇದಕ್ಕೊಬ್ಬ ವೈಸರಾಯನ ಹೆಸರು.
ಸೀಮೆಎಣ್ಣೆ, ಸೀಮೆಬದನೆಯ ಹಾಗೆ
ಅವನೂ ಸೀಮೆಯಿಂದ ಬಂದವನೇ;
ಬಂದುಹೋದದ್ದಕ್ಕೆ ಗುರುತು ಈ ಗೋಪುರ.
ಪೇಟೆ ಆ ಹೆಸರನ್ನು ಬಾಯಿಗೆ ಹಾಕಿಕೊಂಡು
ಎಲೆಯಡಿಕೆಯಂತೆ ಸ್ವಲ್ಪ ಕಾಲ ಅಗಿದು
ಕಂಬದ ಬುಡಕ್ಕೆ ಉಗುಳಿರಬೇಕು.
ಈಗ ಬರೀ ಚಿಕ್ಕ ಗಡಿಯಾರ.

ನಿಜ ಹೇಳಬೇಕೆಂದರೆ ಚಿಕ್ಕದೇ ಹಿರಿಯದು.
ದೊಡ್ಡದು ಬಂದದ್ದು ನಲವತ್ತು ವರ್ಷ ಕಳೆದು,
ಅರಮನೆಯ ಬಗಲಲ್ಲಿ, ಕನ್ನಡದ ಅಂಕಿ ತೊಟ್ಟು.
ಈ ಊರಲ್ಲಿ ಹಾಗೇ,
ಎತ್ತರ ನೋಡಿ ಕೂಗುತ್ತಾರೆ, ವಯಸ್ಸು ನೋಡಿ ಅಲ್ಲ.
ಸಾಬರು ನನಗಿಂತ ಮೂವತ್ತು ವರ್ಷ ಮುಂಚೆ ಹುಟ್ಟಿದವರು.
ಹಾಜರಿ ಪುಸ್ತಕದಲ್ಲಿ ಇನ್ನೂ ಹೆಲ್ಪರ್.

ಎದುರಿಗೆ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳು,
ಕಮಾನಿಂದ ಕಮಾನಿಗೆ ಒಂದೇ ಅಳತೆ ಬರಲೊಲ್ಲದು.
ಸಾಬರು ಗೋಡೆಗೆ ಉಗುರು ಹಾಕಿ ಗೀರಿದರು:
"ಈ ಬಿಳಿ ನೋಡಿ. ಸುಣ್ಣ, ಬೆಲ್ಲ, ಅಳಲೇಕಾಯಿ ನೀರು.
ನಮ್ಮಜ್ಜ ಗಾರೆ ಗಾಣದ ಎತ್ತಿನ ಹಿಂದೆ ಸುತ್ತಿದವರು.
ಈ ಬೂದು ನೋಡಿ, ಆಮೇಲೆ ಮೆತ್ತಿದ ಸಿಮೆಂಟು.
ಎರಡೂ ಒಂದನ್ನೊಂದು ಉಸಿರಾಡಕ್ಕೆ ಬಿಡಲ್ಲ."
ಛಾವಣಿ ಕುಸಿದ ಆ ಆಗಸ್ಟಿನ ಬಗ್ಗೆ ನಾನು ಕೇಳಲಿಲ್ಲ.
ಇಲ್ಲೇ ಎಲ್ಲೋ ಅರ್ಧ ಬೆಲೆಗೆ
ಮಗಳಿಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದರಂತೆ.
ಆ ಕಡೆ ನೋಡದೆ ಟೇಪು ಬಿಗಿಹಿಡಿದು
"ಬರ್ಕೊಳ್ಳಿ" ಎಂದರು.
ಬರೆದುಕೊಂಡೆ.

ಬಿಸಿಲೇರಿತು. ಹೊಂಬಮ್ಮ ಕಾಕಡದ ಬುಟ್ಟಿಯನ್ನು
ಒಂದು ಗೇಣು ಸರಿಸಿದಳು. ಮತ್ತೆ ಒಂದು ಗೇಣು.
ಗೋಪುರದ ನೆರಳು ಎಲ್ಲಿಗೋ ಅಲ್ಲಿಗೆ ಅವಳ ಅಂಗಡಿ,
ಹಿಂದೆಯೇ ಮರುಗದವನು, ನಿಂಬೆಹಣ್ಣಿನವಳು,
ಒಬ್ಬರಿಗೊಬ್ಬರು ಮಾತಿಲ್ಲದೆ, ಸಾಲು ಕೆಡದೆ.
"ಮೇಲೆ ಮುಳ್ಳು ನೋಡಲ್ವಾ ಅಮ್ಮಾ?"
"ಅದ್ನ್ಯಾಕ್ ನೋಡಾನ ಬುಡಿ.
ನಾಕ್ ಮೊಕ, ನಾಕ್ ಮಾತು.
ನೆಳ್ಳು ಒಂದೇ."

ಸಂಜೆಗೆ ಚೌಕ ಹಾಳೆಯ ಮೇಲೆ ಕೂತಿತು,
ಒಂದು ಅಂಗುಲಕ್ಕೆ ಹತ್ತು ಅಡಿ.
ಕಂಬ ಬಂತು, ಕಟ್ಟೆ ಬಂತು, ಗುಮ್ಮಟ ಬಂತು.
ನೆರಳಿಗೆ ಎಳೆಯುವ ಗೆರೆ
ನಮ್ಮ ಇಲಾಖೆಯ ಚಿಹ್ನೆಗಳ ಪಟ್ಟಿಯಲ್ಲಿ ಇರಲಿಲ್ಲ.

ಇಂಜಿನಿಯರು ಕನ್ನಡಕ ಹಣೆಗೇರಿಸಿ
ಚೌಕದ ಮಧ್ಯೆ ಬೆರಳಿಟ್ಟರು.
"ಈ ಚುಕ್ಕೆ ಏನ್ರೀ? ಮ್ಯಾನ್‌ಹೋಲಾ?"
ನಾನು ಸಾಬರನ್ನು ನೋಡಿದೆ.
"ಕೊತ್ತಂಬರಿ ಸಾರ್" ಎಂದರು ಅವರು.