ಖಾರ ಇಲ್ಲದ ಕೈ

ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು, ಖಾರ ಕಡಿಮಿ,
ಹಂಗಂತಾರ ಕೊಂಡು ಒಯ್ಯಾವ್ರು.
ತೊಟ್ಟು ಮುರಿಯಾವ್ರ ಉಗುರಿನ ಸಂದಿನ್ನ
ಯಾರೂ ಕೇಳಿಲ್ಲ.

ಮಾರ್ಕೆಟ್ಟಿನ ಹಿಂದಿನ ಓಣಿ, ಮೂರನೇ ಮನಿ.
ಹೊಸ್ತಿಲಾ ದಾಟೂಕಿಂತ ಮೊದಲ ಒಂದು ಸೀನು,
ದಾಟಿದ ಮ್ಯಾಲ ಎರಡು.
ನನ್ನ ಚೀಲದಾಗ ತಕ್ಕಡಿ, ದಪ್ತರ, ಮೂರು ಬಣ್ಣದ ಪಟ್ಟಿ.
ಕೂಸಿನ ಹೆಸರು ಕಾರ್ಡಿನಾಗ ಸಾನ್ವಿಕಾ,
ಮನ್ಯಾಗ ಗುಬ್ಬಿ.
ಹದಿಮೂರು ತಿಂಗಳು ತುಂಬ್ಯಾವು. ತೂಕ ಮಾತ್ರ
ಹ್ವಾದ ತಿಂಗಳ ಬರದ ಜಾಗಾದಾಗ ಕುಂತುಬಿಟ್ಟದ.

ಎಡ ತೋಳಿಗೆ ಪಟ್ಟಿ ಸುತ್ತಿದೆ.
ಹಳದಿ.
ಕೆಂಪಿಗೆ ಎರಡು ಗೆರಿ ಈಚೆ.
ಅಂಗಳದ ತುಂಬ ಕೆಂಪು ಒಣಗಾಕ ಹತ್ತಿತ್ತು.
ಈ ಮನಿಗೆ ಇಷ್ಟು ಕೆಂಪು ಸಾಕು ಅಂದ್ಕೊಂಡೆ.

ಬಾಯಾಗ ಪಾಠ ತಯಾರಿತ್ತು:
ಹೆಸರಬ್ಯಾಳಿ, ತತ್ತಿ, ಒಂದು ಚಮಚ ಎಣ್ಣಿ, ದಿನಕ್ಕ ನಾಕ ಸಲ…
ಹುಲಿಗೆವ್ವ ಮಾತಾಡಲಿಲ್ಲ, ಡಬ್ಬಿ ಮುಚ್ಚಳ ತಗದಳು.
ಬ್ಯಾಳಿ ಇತ್ತು.
ನಾನಽ ಕೊಟ್ಟ ತತ್ತಿ ಬುಟ್ಟ್ಯಾಗ ಇದ್ದು,
ಎಣಿಸಿದರ ಒಂದೂ ಕಡಿಮಿ ಇಲ್ಲ.
"ತಿನ್ನವಲ್ಲದು ಅಕ್ಕಾರ, ಅನ್ನ ಕಂಡರ ಬಾಯಿ ಮುಚ್ಚತದ."

ಕಲಿಸಿ, ತುತ್ತು ಮಾಡಿ ಹಿಡದಳು.
ಗುಬ್ಬಿ ಅನ್ನ ನೋಡಲಿಲ್ಲ.
ಬೆರಳ ನೋಡಿತು, ಮಾರಿ ತಿರುವಿತು.

ಆ ಬೆರಳ ಹಿಡದು ನನ್ನ ತುಟಿಗೆ ಹಚ್ಚಿಕೊಂಡೆ.
ಮೂರು ಸಲ ಸಬಕಾರ ಹಾಕಿ ತೊಳದ ಕೈ,
ಮಜ್ಜಿಗ್ಯಾಗ ಅದ್ದಿ ತಗದ ಕೈ,
ಸಂಜಿತನಕ ತುಟಿ ಉರೀತು.
"ಚಮಚಾನೂ ಹಿಡದು ನೋಡೀನ್ರಿ.
ಅದನ್ನ ಹಿಡದದ್ದೂ ಇದಽ ಕೈ ಅಂತ ಅದಕ್ಕ ಗೊತ್ತಾಗತದ."
ಹದಿನಾರು ವರ್ಷದ ನನ್ನ ದಪ್ತರದಾಗ
ಇದನ್ನ ಬರಿಯಾಕ ಕಾಲಮ್ಮಿಲ್ಲ.

ಈ ಮನ್ಯಾಗ ಖಾರ ಮುಟ್ಟದ ಕೈ ಯಾವ್ದೈತಿ?
ಗಂಡ ಅಲ್ಲೇ ಹಮಾಲಿ.
ಅತ್ತಿ ಗುಡ್ಡವ್ವ ಅದಽ ರಾಶಿಯ ಮಗ್ಗಲ.
ಎಲ್ಲಾರೂ ಕಟ್ಟಿ ಕಡೆ ನೋಡಿದರು.

ಕಟ್ಟಿ ಮ್ಯಾಲ ನಿಂಗಪ್ಪಜ್ಜ.
ದಮ್ಮಿನ ಮನಷ್ಯಾ, ಘಾಟು ಆಗಿಬರಾಂಗಿಲ್ಲಂತ
ವರ್ಷಗಟ್ಟಲೆ ಹೊರಗಽ ಕುಂತಾಂವ.
ನಾಕು ಮಕ್ಕಳಪ್ಪ, ಒಂದರ ಬಾಯಿಗೂ
ತುತ್ತು ಇಟ್ಟಾಂವಲ್ಲ.
"ಹೆಂಗಸರ ಕೆಲಸ ನನಗ ಹಚ್ಚಬ್ಯಾಡ ತಂಗಿ."
"ಹೆಂಗಸರ ಕೈ ಕಿಲೋ ಲೆಕ್ಕದಾಗ ಮಾರಿ ಆಗ್ಯಾವ ಯಜ್ಜಾ.
ಉಳದದ್ದು ನಿನ್ನವಽ."
ಅಂದಮ್ಯಾಲ ನನಗಽ ಅಂಜಿಕಿ ಆತು.
ಗುಡ್ಡವ್ವ ಸೆರಗು ಬಾಯಿಗೆ ಹಿಡದು ನಕ್ಕಳು.

ಮೊದಲನೇ ತುತ್ತು ಧೋತರದ ಪಾಲು.
ಎರಡನೇದು ಅಜ್ಜನ ಮೀಸಿಗೆ ಹತ್ತಿತು.
ಮೂರನೇದು ಎಲ್ಲಿ ಹೋತೋ ನಾ ನೋಡಲಿಲ್ಲ,
ಗುಬ್ಬಿಯ ಗದ್ದ ಅಲುಗಾಡತಿತ್ತು,
ಅಜ್ಜ ಉಸಿರು ಹಿಡದು ಕುಂತಿದ್ದ.

ಆಮ್ಯಾಲ ಪ್ರತಿ ಮಂಗಳವಾರ ಹೋದೆ.
ನಡುವ ಭೇದಿ ಹತ್ತಿ ಗಳಿಸಿದ ತೂಕ ಕಳಕೊಂತು.
ಗುಡ್ಡವ್ವ ದಿಟ್ಟಿ ತಗದಳು,
ನಾ ಓಆರ್‌ಎಸ್ ಕಲಿಸಿ ಕುಡಿಸಿದೆ.
ಕಡಿಮಿ ಆದಾಗ ಇಬ್ಬರೂ
ನಮ್ಮ ನಮ್ಮದಽ ಗೆದ್ದಿತು ಅಂದ್ವಿ.
ಅಜ್ಜ ಈಗ ಓಣಿಯವರಿಗೆ ಪಾಠ ಹೇಳತಾನ,
ತತ್ತಿ ಎಷ್ಟು ಕುದಿಬೇಕು, ಬ್ಯಾಳಿ ಎಷ್ಟು ನುಣ್ಣಗಾಗಬೇಕು.
ಪಟ್ಟಿ ಇನ್ನೂ ಹಳದೀನಽ.
ಆದರ ಕೆಂಪಿಂದ ಆರು ಗೆರಿ ದೂರ.

ಒಂದು ಮಧ್ಯಾಹ್ನ ಹುಲಿಗೆವ್ವ ಲಗೂನ ಬಂದಳು.
ಬಾಗಿಲ ಹಿಂದ ನಿಂತು,
ಮಾವನ ಕೈಯಾಗ ಮಗಳು ಉಣ್ಣೂದು ನೋಡಿದಳು.
ಎರಡೂ ಕೈ ಸೆರಗಿನಾಗ ಸುತ್ತಿಕೊಂಡಿದ್ದಳು,
ಕದ್ದ ಮಾಲು ಮುಚ್ಚಿಟ್ಟಂಗ.
ನಾ ಬರಿಯೂದು ಬಿಟ್ಟು ಹೊರಗ ನೋಡಿದೆ.

ಹಬ್ಬಕ್ಕ ಮಾರ್ಕೆಟ್ಟು ಬಂದ್ ಬಿತ್ತು, ಮೂರು ದಿನ.
ಮೂರೂ ದಿನ ಆಕಿ ಕೊಬ್ಬರಿ ಎಣ್ಣ್ಯಾಗ ಬೆರಳ ನೆನಸಿದಳಂತ,
ತನ್ನ ನಾಲಿಗಿಗೆ ತಾನಽ ಹಚ್ಚಿ ಹಚ್ಚಿ ನೋಡಿದಳಂತ.
ನಾಕನೇ ದಿನ ಮುಂಜಾನೆ
ಸಣ್ಣದೊಂದು ತುತ್ತು ಹಿಡದಳು.

ಗುಬ್ಬಿ ಬೆರಳ ನೋಡಿತು.
ಕಟ್ಟಿ ಮ್ಯಾಲಿಂದ ಅಜ್ಜ
ಹಲ್ಲಿಲ್ಲದ ತನ್ನ ಬಾಯಿ ಅಗಲಕ್ಕ ತಗದು
ಆ ಅಂದ.